ಬೆಳ್ಳಿಗೆ ರೇವಾಲ್ ನಾನು ಕಲಿಸಲಿಲ್ಲ

ಬೆಳ್ಳಿ ನಮ್ಮ ತೋಟಕ್ಕೆ ಬಂದಾಗ ಅವಳ ಬಾಯಿಯ ಎರಡೂ ಮೂಲೆಯಲ್ಲಿ ಗಾಯ ಒಣಗಿ ಗಂಟು ಕಟ್ಟಿತ್ತು. ಮದುವೆ ಮೆರವಣಿಗೆಗಳಲ್ಲಿ ಏಳು ವರ್ಷ ದುಡಿದ ಮಾರವಾಡಿ ಹೆಣ್ಣು ಕುದುರೆ ಅವಳು. ಮುಳ್ಳಿನ ಕಡಿವಾಣ ಹಾಕಿ ಕುಣಿಸಿದ್ದರು. ಅಂಥ ಕಡಿವಾಣ ಬಳಸಬಾರದು ಎಂದು ಕೇಂದ್ರದ 1965ರ ನಿಯಮವೇ ಹೇಳುತ್ತದೆ.

ಕುದುರೆ ಹುಚ್ಚು ನನಗೆ ಹತ್ತಿದ್ದು ಐಸ್‌ಲ್ಯಾಂಡಿನ ಕುದುರೆಗಳ ವಿಡಿಯೊ ನೋಡಿ. ಟೋಲ್ಟ್ ಅಂತ ಅವುಗಳದೊಂದು ನಡಿಗೆ ಇದೆ. ನಾಲ್ಕು ಕಾಲೂ ಒಂದಾದ ಮೇಲೊಂದು ನೆಲ ಮುಟ್ಟುತ್ತವೆ. ಎಷ್ಟು ಜೋರಾಗಿ ಹೋದರೂ ಒಂದು ಕಾಲಾದರೂ ನೆಲದ ಮೇಲೆ ಇದ್ದೇ ಇರುತ್ತದೆ. ಹಾಗಾಗಿ ಮೇಲೆ ಕೂತವರು ಎಗರುವುದಿಲ್ಲ. ತುಂಬಿದ ಗ್ಲಾಸು ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ ಹೋಗುತ್ತಾರೆ. ಆದರೆ ಅದು ಚಳಿ ನಾಡಿನ, ದಟ್ಟ ಕೂದಲಿನ ಪ್ರಾಣಿ. ಚಿತ್ರದುರ್ಗದ ಬಿಸಿಲಿಗೆ ಅದನ್ನು ತರುವ ಆಸೆ ನನಗೆ ಬರಲಿಲ್ಲ. ನಮ್ಮ ಮಾರವಾಡಿ, ಕಾಠಿಯಾವಾಡಿ ತಳಿಗಳಲ್ಲೇ ಇದಕ್ಕೆ ಹತ್ತಿರದ ನಡಿಗೆ ಇದೆಯಲ್ವಾ? ಅದನ್ನೇ ರೇವಾಲ್ ಅನ್ನುತ್ತಾರೆ.

ಐಸ್‌ಲ್ಯಾಂಡ್ ಕುದುರೆಗಳ ನಡಿಗೆಯ ಹಿಂದೆ ಡಿಎಂಆರ್‌ಟಿ3 ಎಂಬ ಜೀನಿನ ಬದಲಾವಣೆ ಇದೆ ಎಂದು 2012ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಅದನ್ನು ಓದಿದ ಮೇಲೆ ನನ್ನ ಮನಸ್ಸು ಗಟ್ಟಿಯಾಯಿತು. ನಡಿಗೆ ಹುಟ್ಟಿನಿಂದ ಬರುವಂಥದ್ದು, ಹೊಡೆದು ಬರಿಸುವಂಥದ್ದಲ್ಲ.

ಮಾರಿದವರು ರೇವಾಲ್ ಹೋಗುತ್ತಾಳೆ ಎಂದಿದ್ದರು. ಆದರೆ ಇಲ್ಲಿ ಅವಳು ಒಂದೇ ಪಕ್ಕದ ಎರಡು ಕಾಲನ್ನು ಒಟ್ಟಿಗೆ ಎತ್ತಿ ಹಾಕುತ್ತಿದ್ದಳು. ಕತ್ತು ಮೇಲಕ್ಕೆ, ಬೆನ್ನು ಕೆಳಕ್ಕೆ. ಮೈಯೆಲ್ಲ ಬಿಗಿ. ಕೂತರೆ ದೋಣಿಯಲ್ಲಿ ಕೂತ ಹಾಗೆ ಓಲಾಡುತ್ತಿತ್ತು.

ಮೊದಲ ಎರಡು ತಿಂಗಳು ನಾನು ಅವಳನ್ನು ಹತ್ತಲೇ ಇಲ್ಲ. ಶೇಂಗಾ ಕಿತ್ತ ಸಮಯ ಅದು. ದಿನಾ ಸಂಜೆ ಅವಳ ಕೊಟ್ಟಿಗೆಯಲ್ಲಿ ಬೆನ್ನು ತಿರುಗಿಸಿ ಕೂತು ಶೇಂಗಾ ಬಿಡಿಸುತ್ತಿದ್ದೆ. ಒಂಬತ್ತನೇ ದಿನ ಅವಳ ಬಿಸಿಯುಸಿರು ನನ್ನ ಕತ್ತಿಗೆ ತಾಗಿತು. ನಾನು ಅಲುಗಾಡಲಿಲ್ಲ. ಆಮೇಲೆ ಅವಳ ಹೆಗಲ ಮೇಲೆ, ಕತ್ತು ಬೆನ್ನು ಸೇರುವ ಜಾಗದಲ್ಲಿ, ಮೆಲ್ಲಗೆ ತುರಿಸಲು ಶುರು ಮಾಡಿದೆ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ತುರಿಸಿಕೊಳ್ಳುವುದು ಅಲ್ಲೇ. ಅಲ್ಲಿ ತುರಿಸಿದರೆ ಎದೆಬಡಿತ ಇಳಿಯುತ್ತದೆ. ಕೆಳತುಟಿ ಜೋತುಬಿದ್ದರೆ ಹಿತವಾಗಿದೆ ಎಂದೇ ಲೆಕ್ಕ.

ಮೇವನ್ನೂ ಬದಲಿಸಿದೆ. ಹಿಂದೆ ಒಂದೇ ಹೊತ್ತಿಗೆ ರಾಶಿ ಹುರುಳಿ ಹಾಕುತ್ತಿದ್ದರಂತೆ. ಕುದುರೆಯ ಹೊಟ್ಟೆ ಚಿಕ್ಕದು, ಅದಕ್ಕೆ ವಾಂತಿ ಮಾಡಲೂ ಆಗುವುದಿಲ್ಲ. ಜಾಸ್ತಿಯಾದರೆ ಹೊಟ್ಟೆನೋವು ಬಂದು ಜೀವಕ್ಕೇ ಕುತ್ತು. ಈಗ ರಾಗಿಹುಲ್ಲು, ಗರಿಕೆ ದಿನವಿಡೀ ಮುಂದೆ ಇರುತ್ತದೆ. ಬೇಯಿಸಿದ ಹುರುಳಿ ಎರಡು ಹೊತ್ತು, ಸ್ವಲ್ಪ ಸ್ವಲ್ಪ.

ಕಡಿವಾಣ ಬಿಟ್ಟೇಬಿಟ್ಟೆ. ಮುಖಕ್ಕೆ ಮೆತ್ತನೆಯ ಹಗ್ಗ ಅಷ್ಟೆ. ಹಗ್ಗ ಕೊಂಚ ಬಿಗಿ ಮಾಡಿ ಕಾಯುತ್ತಿದ್ದೆ. ಅವಳು ಒಂದು ಹೆಜ್ಜೆ ಬಂದ ಕ್ಷಣವೇ ಸಡಿಲ. ಕುದುರೆ ಕಲಿಯುವುದು ಎಳೆದಾಗ ಅಲ್ಲ, ಬಿಟ್ಟಾಗ. ಬಿಡುವುದು ತಡವಾದರೆ ಅವಳಿಗೆ ಏನೂ ಅರ್ಥವಾಗುತ್ತಿರಲಿಲ್ಲ.

ತಪ್ಪು ನಡೆದದ್ದು ಮಾರ್ಚಿನಲ್ಲಿ. ಹತ್ತಲು ಶುರು ಮಾಡಿ ಹದಿನೈದು ದಿನವಾಗಿತ್ತು. ಊರ ಹಬ್ಬದ ದಿನ ರಸ್ತೆಗೆ ಕರೆದೊಯ್ದೆ. ತಿರುವಿನಲ್ಲಿ ತಮಟೆ ಸದ್ದು ಕೇಳಿದ್ದೇ ತಡ, ಅವಳು ನಿಂತಲ್ಲೇ ಕುಣಿಯಲು ಶುರು ಮಾಡಿದಳು. ಜನ ಖುಷಿಯಿಂದ ಕೇಕೆ ಹಾಕಿದರು. ನನ್ನ ತೊಡೆಯ ಕೆಳಗೆ ಅವಳ ಮೈ ಗಡಗಡ ನಡುಗುತ್ತಿತ್ತು. ಅದು ಕುಣಿತ ಅಲ್ಲ, ಹೆದರಿಕೆ. ಮರುದಿನ ಕೊಟ್ಟಿಗೆಗೆ ಹೋದರೆ ಮೂಲೆ ಸೇರಿ ನಿಂತಳು. ಅವ್ವ ಬೈದರು, "ಅದರ ಬಾಯಾಗೆ ಮಾತಿಲ್ಲ ಅಂತ ನಿನಗೂ ಕಣ್ಣಿಲ್ಲೇನು ಮಗಾ?"

ಮತ್ತೆ ಶೇಂಗಾ ಬುಟ್ಟಿ ಹಿಡಿದು ಕೂತೆ. ಈ ಸಲ ಮೊಬೈಲಿನಲ್ಲಿ ತಮಟೆ ಸದ್ದು ಹಾಕಿ, ಅಡಿಕೆ ಸಾಲಿನ ಆ ತುದಿಯಲ್ಲಿ ಇಡುತ್ತಿದ್ದೆ. ಕಿವಿ ಆಡಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕಿದರೆ ಮರುದಿನ ನಾಲ್ಕು ಹೆಜ್ಜೆ ಹತ್ತಿರ. ಮೇಯುವುದು ನಿಲ್ಲಿಸಿದರೆ ಮೊಬೈಲು ಹಿಂದಕ್ಕೆ. ಇದಕ್ಕೇ ಎರಡು ತಿಂಗಳು ಹಿಡಿಯಿತು.

ಬಿಸಿಲಿನ ದಿನಗಳಲ್ಲಿ ಬೆಳಗ್ಗೆ ಐದೂವರೆಗೆ ಹೊರಡುತ್ತಿದ್ದೆವು. ಬಿದ್ದ ಅಡಿಕೆ ಮರದ ಆರು ತುಂಡು ನೆಲಕ್ಕೆ ಹಾಸಿ, ಅವುಗಳ ಮೇಲೆ ದಾಟಿಸುತ್ತಿದ್ದೆ. ಒಂದೊಂದೇ ಕಾಲನ್ನು ನೋಡಿ ಇಡಲೇಬೇಕಲ್ಲ, ಒಂದೇ ಪಕ್ಕದ ಎರಡು ಕಾಲನ್ನು ಒಟ್ಟಿಗೆ ಎತ್ತುವ ಚಾಳಿ ಹಾಗೆ ತಪ್ಪುತ್ತದೆ. ಏರು ದಾರಿಯೂ ಒಳ್ಳೆಯದು, ಕತ್ತು ಇಳಿದು ಬೆನ್ನು ಏಳುತ್ತದೆ. ಇಳಿಜಾರಿನಲ್ಲಿ ಹಳೆಯ ಚಾಳಿ ಮರಳುತ್ತದೆ, ಅಲ್ಲಿ ಸುಮ್ನೆ ನಡೆಸಿದರೆ ಸಾಕು. ನಡಿಗೆ ತುಸು ಚುರುಕಾಗುವಾಗ ನಾನು ಬೆನ್ನು ನೆಟ್ಟಗೆ ಮಾಡಿ, ಹಗ್ಗ ಒಂದು ಬೆರಳಷ್ಟು ಎತ್ತುತ್ತಿದ್ದೆ. ಮೂರು ಹೆಜ್ಜೆ ಸರಿ ಬಿದ್ದರೆ ನಿಲ್ಲಿಸಿ, ಇಳಿದು, ಹೆಗಲು ತುರಿಸುವುದು. ಲಾಳ ಹೊಡೆಯಲು ಬಂದವರು ಭಾರದ ಲಾಳ ಹಾಕಿದರೆ ಬೇಗ ಬರುತ್ತದೆ ಎಂದರು. ಬೇಡ ಎಂದೆ. ಆ ಭಾರ ಬೀಳುವುದು ಅವಳ ಕೀಲಿನ ಮೇಲೆ.

ಜುಲೈಯ ಒಂದು ಬೆಳಗ್ಗೆ ಡಾಂಬರು ರಸ್ತೆಯಲ್ಲಿ ಸದ್ದು ಬದಲಾಯಿತು. ಟಪ್ ಟಪ್ ಹೋಗಿ ತಕತಕ ತಕತಕ. ನಾಲ್ಕೂ ಪೆಟ್ಟು ಬಿಡಿಬಿಡಿ, ನಾಲ್ಕೂ ಸಮ. ನನ್ನ ಸೊಂಟ ಅಲುಗಲಿಲ್ಲ. ಎಡಕ್ಕೆ ಜೋಗಿಮಟ್ಟಿ ಕಡೆಯ ಗುಡ್ಡ, ಮೋಡ ಇಳಿದಿತ್ತು. ಇಪ್ಪತ್ತು ಹೆಜ್ಜೆಗೆ ನಿಲ್ಲಿಸಿ ಇಳಿದೆ. ಅವಳ ಕತ್ತಿಗೆ ಹಣೆ ಇಟ್ಟು ಅತ್ತುಬಿಟ್ಟೆ.

ಈಗ ಅರ್ಧ ಕಿಲೋಮೀಟರ್ ರೇವಾಲ್ ಹೋಗುತ್ತಾಳೆ. ಸದ್ದು ಕೇಳಿದ ಕೂಡಲೇ ಅವ್ವ ನೀರಿನ ಬಕೆಟ್ಟು ತಂದಿಡುತ್ತಾರೆ. ಎಡಗಿವಿ ಮುಟ್ಟಲು ಮಾತ್ರ ಇನ್ನೂ ಬಿಡುವುದಿಲ್ಲ. ಹಿಂದೆ ಯಾರೋ ಅದನ್ನು ತಿರುಚಿ ಹಿಡಿದಿರಬೇಕು. ಹಗ್ಗದ ಗಂಟನ್ನು ಬಲಗಡೆಗೆ ಬದಲಾಯಿಸಿಕೊಂಡಿದ್ದೇನೆ.