ಏರಿ ಇದೆ, ಕೆರೆ ಎಲ್ಲಿ? ಒಂದು ಕುತೂಹಲದಿಂದ ವಿಡಿಯೊ ವರದಿ ಮಾಡುವ ಬಗೆ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ಸ್ವಲ್ಪ ಆಚೆ ನಡೆದರೆ ಟ್ಯಾಂಕ್ ಬಂಡ್ ರೋಡ್ ಸಿಗುತ್ತದೆ. ಟ್ಯಾಂಕ್ ಬಂಡ್ ಅಂದರೆ ಕೆರೆ ಏರಿ. ಏರಿ ಇದೆ, ಕೆರೆ ಎಲ್ಲಿ?

ವರದಿ ಶುರುವಾಗಬೇಕಾದ್ದು ಇಂಥ ಕಡೆಯಿಂದ. ‘ಬೆಂಗಳೂರಿನ ಕೆರೆಗಳು’ ಅನ್ನೋದು ವಿಷಯ, ಪ್ರಶ್ನೆ ಅಲ್ಲ. ಅದನ್ನು ಹಿಡಿದು ಹೊರಟರೆ ಕ್ಯಾಮೆರಾ ಯಾವ ಕಡೆ ತಿರುಗಿಸಬೇಕು ಅಂತಲೇ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ, ಕೆಳಗೆ ನಿಮ್ಮ ಊಹೆಯನ್ನೂ ಬರೆಯಿರಿ. ಊಹೆ ತಪ್ಪಾದರೆ ಒಳ್ಳೆಯದೇ, ಅದೂ ಕಥೆಯಲ್ಲಿ ಬರಲಿ.

ಆಮೇಲೆ ಜಾಗಕ್ಕೆ ಹೋಗಿ. ತಜ್ಞರ ಬೈಟ್ (ಕ್ಯಾಮೆರಾ ಮುಂದೆ ಹೇಳುವ ಚಿಕ್ಕ ಮಾತು) ನಂತರ ತೆಗೆದುಕೊಳ್ಳಬಹುದು. ಹಣ್ಣಿನ ಗಾಡಿಯವರನ್ನು, ಹಳೇ ಲಾಡ್ಜಿನ ಕೌಂಟರಿನಲ್ಲಿ ಕೂತವರನ್ನು ಮೊದಲು ಮಾತಾಡಿಸಿ. ‘ಇಲ್ಲಿ ಕೆರೆ ಇತ್ತಾ ಸರ್?’ ಅಂತ ಕೇಳಿದರೆ ‘ಹೂಂ, ಇತ್ತಂತೆ’ ಅಂತಾರೆ, ಮುಗೀತು. ‘ಜೋರು ಮಳೆ ಬಂದಾಗ ನೀರು ಯಾವ ಕಡೆಯಿಂದ ನುಗ್ಗುತ್ತೆ, ತೋರಿಸ್ತೀರಾ?’ ಅಂತ ಕೇಳಿ ನೋಡಿ. ಅವರು ತಕ್ಕಡಿ ಕೆಳಗಿಟ್ಟು ಕೈ ಎತ್ತಿ ತೋರಿಸುತ್ತಾರೆ. ಆ ಕೈಯೇ ನಿಮ್ಮ ಶಾಟ್. ಮಾತು ಮುಗಿದ ಮೇಲೂ ಐದು ಸೆಕೆಂಡ್ ರೆಕಾರ್ಡಿಂಗ್ ನಿಲ್ಲಿಸಬೇಡಿ, ಎಷ್ಟೋ ಸಲ ನಿಜವಾದ ಮಾತು ಆಗಲೇ ಬರುತ್ತದೆ. (ಬಸ್ ನಿಲ್ದಾಣದ ಒಳಗೆ ಶೂಟ್ ಮಾಡುವುದಾದರೆ ಮೊದಲೇ ಅನುಮತಿ ಕೇಳಿ.)

ಜನ ಹೇಳಿದ್ದನ್ನು ದಾಖಲೆ ಜೊತೆ ಹೋಲಿಸಿ. ಹಳೇ ನಕ್ಷೆಗಳು, ಗೆಜೆಟಿಯರ್‌ಗಳು (ಊರು, ಜಿಲ್ಲೆಗಳ ವಿವರ ಇರುವ ಸರ್ಕಾರಿ ಗ್ರಂಥಗಳು) ಇದಕ್ಕೇ ಇರುವುದು. ಬಸ್ ನಿಲ್ದಾಣ ಇರುವ ಜಾಗ ಧರ್ಮಾಂಬುಧಿ ಕೆರೆಯ ಅಂಗಳ. ಪೇಟೆಗೆ ನೀರು ಕೊಡುತ್ತಿದ್ದ ಕೆರೆ ಅದು. 1896ರಲ್ಲಿ ಹೆಸರಘಟ್ಟದ ನೀರು ಪೈಪಿನಲ್ಲಿ ಊರಿಗೆ ಬಂದ ಮೇಲೆ ಈ ಕೆರೆಯ ಮೇಲಿನ ಅವಲಂಬನೆ ಕಡಿಮೆಯಾಯಿತು, ಬರುಬರುತ್ತಾ ಕೆರೆ ಒಣಗಿ ಮೈದಾನವಾಯಿತು, ಕೊನೆಗೆ ಅಲ್ಲಿ ಬಸ್‌ಗಳು ಬಂದು ನಿಂತವು. ಕೆಂಪೇಗೌಡರ ಕಾಲದ ಕೆರೆ ಅನ್ನೋದು ಹೇಳಿಕೊಂಡು ಬಂದ ಮಾತು, ನಕ್ಷೆಯಲ್ಲಿ ಕಾಣುವ ಕೆರೆ ದಾಖಲೆ. ಎರಡನ್ನೂ ಒಂದೇ ದನಿಯಲ್ಲಿ ಹೇಳಬೇಡಿ, ದಯವಿಟ್ಟು.

ಇಲ್ಲದ ಕೆರೆಯನ್ನು ತೋರಿಸುವುದು ಹೇಗೆ? ಗ್ರಾಫಿಕ್ಸ್ ಬೇಕಾಗಿಲ್ಲ. ಹಳೇ ನಕ್ಷೆಯ ಪ್ರಿಂಟನ್ನು ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಕೆರೆಯ ಅಂಚನ್ನು ನೀಲಿ ಪೆನ್ಸಿಲ್‌ನಲ್ಲಿ ಎಳೆಯಿರಿ. ಆ ಹಾಳೆಯನ್ನು ಅದೇ ಅಳತೆಗೆ ತಂದ ಇಂದಿನ ನಕ್ಷೆಯ ಮೇಲೆ ನಿಧಾನವಾಗಿ ಇಳಿಸಿ, ಮೇಲಿನಿಂದ ಫೋನಲ್ಲಿ ಶೂಟ್ ಮಾಡಿ. ಪ್ಲಾಟ್‌ಫಾರ್ಮ್‌ಗಳೆಲ್ಲ ನೀಲಿ ಗೆರೆಯೊಳಗೆ ಬಂದು ಕೂರುವಾಗ ನೋಡುವವರಿಗೆ ತಾವೇ ಕಂಡುಹಿಡಿದ ಹಾಗಾಗುತ್ತದೆ. ಕಂಡಕ್ಟರ್‌ಗಳ ಕೂಗು, ಹಾರ್ನ್, ಬಸ್ಸಿನ ಬಾಗಿಲ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಂಡು, ಸರಿಯಾಗಿ ಆ ಕ್ಷಣಕ್ಕೆ ಪೂರ್ತಿ ನಿಲ್ಲಿಸಿ. ಅಲ್ಲಿ ಸುಮ್ನೆ ನೀರಿನ, ಕಪ್ಪೆಯ ಸದ್ದು ತುಂಬಬೇಡಿ. ನೀವು ಕೇಳಿಸಿಕೊಳ್ಳದ ಸದ್ದು ವರದಿಯಲ್ಲಿ ಇರಬಾರದು.

ಎಡಿಟಿಂಗ್‌ನಲ್ಲಿ ಉತ್ತರವನ್ನು ತಡೆದು ಹಿಡಿಯಿರಿ. ನನ್ನ ಮೊದಲ ಕಟ್‌ನಲ್ಲಿ ‘ಇಲ್ಲೊಂದು ಕೆರೆ ಇತ್ತು’ ಅನ್ನೋದೇ ಮೊದಲ ಸಾಲಾಗಿತ್ತು. ಅಕ್ಕ ಅರ್ಧ ನಿಮಿಷ ನೋಡಿ ಫೋನ್ ಕೆಳಗಿಟ್ಟಳು. ಆಮೇಲೆ ‘ಟ್ಯಾಂಕ್ ಬಂಡ್ ರೋಡ್’ ಅನ್ನೋ ಬೋರ್ಡಿನಿಂದ ಶುರು ಮಾಡಿ, ಕೆರೆಯನ್ನು ಎರಡನೇ ನಿಮಿಷಕ್ಕೆ ತಳ್ಳಿದೆ. ಈ ಸಲ ಕೊನೆತನಕ ನೋಡಿ, ‘ಹಾಗಾದ್ರೆ ಆ ಕೆರೆಗೆ ಬರ್ತಿದ್ದ ನೀರು ಈಗ ಎಲ್ಲಿಗೆ ಹೋಗುತ್ತೆ?’ ಅಂತ ಕೇಳಿದಳು. ಅದನ್ನು ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಬರೆದುಕೊಂಡಿದ್ದೇನೆ, ಕೆಳಗೆ ನನ್ನ ಊಹೆಯನ್ನೂ.