ಮಿರರ್ ಪೆಟ್ಟಿಗೆಯೊಳಗೆ, ರೆಪ್ಲಿಕಾ ಹಾಸನದಲ್ಲಿ

"ಎರಡು ಡಿಸ್ಕ್ ಮಿರರ್ ಇದೆಯಲ್ಲ, ಇನ್ನೇನು ಬೇಕು?" ಚಿಕ್ಕಮಗಳೂರಿನಲ್ಲಿ ಕಾಫಿ ವ್ಯಾಪಾರಿಗಳ ಲೆಕ್ಕದ ಸರ್ವರ್ ನೋಡಿಕೊಳ್ಳುವ ನನಗೆ ಇದನ್ನು ಹೇಳದವರೇ ಇಲ್ಲ. ಮಿರರ್ ಅಂದರೆ ಒಂದೇ ಪೆಟ್ಟಿಗೆಯ ಎರಡು ಡಿಸ್ಕಿನಲ್ಲೂ ಒಂದೇ ಲೆಕ್ಕ ಬರೆಯುವುದು. ಲೆಕ್ಕದ ನಕಲು, ಅಂದರೆ ರೆಪ್ಲಿಕಾ, ಇಟ್ಟುಕೊಳ್ಳಲು ಹಾಸನದಲ್ಲಿ ಇನ್ನೊಂದು ಮೆಷಿನ್ ಇಡೋಣ ಅಂದಾಗ ಬಿಲ್ ಏರಿಸುವ ದಾರಿ ಅಂತ ನಕ್ಕರು. ಕಳೆದ ಸುಗ್ಗಿಯಲ್ಲಿ ಅದೇ ಮೆಷಿನ್ ಲೆಕ್ಕ ಉಳಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ರೇಡ್ 1, ಅಂದರೆ ಈ ಮಿರರ್, ಬಿಡಬೇಡಿ. ಬೇರೆ ಬೇರೆ ಕಂಪನಿಯ ಎರಡು ಡಿಸ್ಕ್, ನನಗೆ ಒಟ್ಟು ಒಂಬತ್ತು ಸಾವಿರದ ಹತ್ತಿರ ಬಿದ್ದಿತ್ತು. ಒಂದು ಸತ್ತರೂ ಕೆಲಸ ನಿಲ್ಲುವುದಿಲ್ಲ. ಎಸ್‌ಎಂಆರ್ ಡಿಸ್ಕ್, ಅಂದರೆ ಪಟ್ಟಿಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸಿ ಬರೆಯುವಂಥದ್ದು, ಮಾತ್ರ ಬೇಡ. ಅಗ್ಗ ಅಂತ ತಂದ ಜೋಡಿ ರೀಬಿಲ್ಡ್‌ಗೆ (ಹೊಸ ಡಿಸ್ಕಿಗೆ ಎಲ್ಲ ನಕಲು ಮಾಡಲು) ದಿನಗಟ್ಟಲೆ ತಿಂದಿತು.

ಆದರೆ ಮೇ ತಿಂಗಳ ಸಿಡಿಲು ಗೊತ್ತಲ್ವಾ? ಮೂಡಿಗೆರೆ ಕಡೆಯ ಒಬ್ಬ ಪಾರ್ಟಿಯ ಮೆಷಿನ್‌ನಲ್ಲಿ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಸುಟ್ಟು ಎರಡೂ ಡಿಸ್ಕ್ ಒಟ್ಟಿಗೇ ಹೋದವು. ಡೇಟಾ ರಿಕವರಿಯವರು ನಲವತ್ತು ಸಾವಿರದ ಮೇಲೆ ಕೇಳಿದರು.

ಸರಿ, ಮಿರರನ್ನೇ ದೂರಕ್ಕೆ ಒಯ್ಯೋಣ ಅಂತ ಡಿಆರ್‌ಬಿಡಿ (ನೆಟ್‌ವರ್ಕ್ ಮೇಲೆ ಡಿಸ್ಕ್ ಮಿರರ್ ಮಾಡುವ ಸಾಫ್ಟ್‌ವೇರ್) ಹಾಕಿದೆ, ಪ್ರೋಟೋಕಾಲ್ ಸಿ. ಹಾಸನದ ಡಿಸ್ಕಿನಲ್ಲಿ ಬರೆದಾಗುವವರೆಗೆ ಇಲ್ಲಿಯ ಬರಹ ಮುಗಿಯುವುದಿಲ್ಲ. ಊರಿಂದೂರಿಗೆ ಅರವತ್ತು ಕಿಲೋಮೀಟರ್, ಆದರೆ ನಮ್ಮ ಪ್ಯಾಕೆಟ್ ಬೆಂಗಳೂರು ಸುತ್ತಿ ಬರುತ್ತದೆ. ಒಂದೊಂದು ಬರಹಕ್ಕೂ ಇಪ್ಪತ್ತು ಮಿಲಿಸೆಕೆಂಡ್, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ತೂಕದ ಚೀಟಿ ಹಾಕುವ ಹುಡುಗ ಎಂಟರ್ ಒತ್ತಿ ಸುಮ್ನೆ ಕೂರುತ್ತಿದ್ದ, ಹೊರಗೆ ಲಾರಿ ಸಾಲು. ಆ ಕಡೆಗೆ ಕಾಯದ ಪ್ರೋಟೋಕಾಲ್ ಎ ಹಾಕಿದರೆ ವೇಗ ಬಂತು, ಆದರೆ ಆ ಕಡೆಯ ಡಿಸ್ಕನ್ನು ಓದಲೂ ಆಗುವುದಿಲ್ಲ. ದುಡ್ಡು ಕೊಟ್ಟ ಮೆಷಿನ್ ಸುಮ್ನೆ ಕೂತಿರುವುದು ನನಗೆ ಆಗದು.

ಕೊನೆಗೆ ಲೆಕ್ಕ ಇರುವ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ ಸ್ಟ್ರೀಮಿಂಗ್ ರೆಪ್ಲಿಕೇಶನ್: ಆದ ಬದಲಾವಣೆಗಳು ಹಾಸನಕ್ಕೆ ಹರಿಯುತ್ತಲೇ ಇರುತ್ತವೆ. ಅದೂ ಅಸಿಂಕ್, ಅಂದರೆ ಇಲ್ಲಿ ಅದಕ್ಕಾಗಿ ಕಾಯುವುದಿಲ್ಲ. ಹಳೇ ಮೆಷಿನ್ ಇಪ್ಪತ್ತೆರಡು ಸಾವಿರ ಇರಬೇಕು, ಲೈನಿಗೆ ತಿಂಗಳಿಗೆ ಸಾವಿರ. ಭಾರೀ ರಿಪೋರ್ಟ್‌ಗಳೆಲ್ಲ ಈಗ ಹಾಸನದಲ್ಲೇ ಓಡುತ್ತವೆ. ಜುಲೈ ಮಳೆಗೆ ಎರಡು ದಿನ ಲೈನ್ ಹೋದಾಗ ರೆಪ್ಲಿಕೇಶನ್ ಸ್ಲಾಟ್ (ಹಾಸನಕ್ಕೆ ಇನ್ನೂ ತಲುಪದ್ದನ್ನು ಅಳಿಸದೆ ಇಡುವ ವ್ಯವಸ್ಥೆ) ವಾಲ್ ಫೈಲುಗಳನ್ನು, ಅಂದರೆ ಬದಲಾವಣೆಗಳ ದಾಖಲೆಯನ್ನು, ಹಿಡಿದುಕೊಂಡು ಇಲ್ಲಿಯ ಡಿಸ್ಕ್ ತುಂಬುತ್ತಾ ಬಂತು. 13ನೇ ಆವೃತ್ತಿಯಿಂದ ಸ್ಲಾಟ್‌ಗೆ ಮಿತಿ ಹಾಕಬಹುದು, ಹಾಕಿ. ಹಾಸನದ ಮೆಷಿನ್ ಯಾವಾಗ ತಾನೇ ಮುಖ್ಯ ಆಗಬೇಕು ಎಂದು ತೀರ್ಮಾನಿಸುವ ಸ್ಕ್ರಿಪ್ಟ್ ಮಾತ್ರ ಕೊಡುವುದಿಲ್ಲ. ಅದು ನನ್ನ ಅನ್ನ.

ನಡುವೆ ಒಂದು ಹುಚ್ಚು. ಮೂಲೆಯಲ್ಲಿದ್ದ ಹಳೇ 32 ಬಿಟ್ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಎರಡನೇ ರೆಪ್ಲಿಕಾ ಮಾಡಲು ಹೊರಟೆ. ಸ್ಟ್ರೀಮಿಂಗ್ ಅಲ್ಲಿ ನಡೆಯಲ್ಲ, ಎರಡೂ ಕಡೆ ಒಂದೇ ಆರ್ಕಿಟೆಕ್ಚರ್ (ಪ್ರೊಸೆಸರ್ ಬಗೆ) ಬೇಕು. ಸಾಲು ಸಾಲಾಗಿ ಬದಲಾವಣೆ ಕಳಿಸುವ ಲಾಜಿಕಲ್ ರೆಪ್ಲಿಕೇಶನ್ ನಡೆಯಿತು, ಆದರೆ ಇಲ್ಲಿ ಹೊಸ ಕಾಲಮ್ ಸೇರಿಸಿದರೆ ಅಲ್ಲೂ ಕೈಯಾರೆ ಸೇರಿಸಬೇಕು. ಬಿಟ್ಟೆ.

ಇನ್ನು ಜನವರಿಯ ಕಥೆ. ಒಂದು ಪಾರ್ಟಿಯ ರೇಟ್ ತಿದ್ದಲು ಯಾರೋ ಓಡಿಸಿದ ಅಪ್‌ಡೇಟ್ ಆಜ್ಞೆಯಲ್ಲಿ ಯಾವ ಸಾಲು ತಿದ್ದಬೇಕು ಎನ್ನುವ ವೇರ್ ಇರಲಿಲ್ಲ. ಚೆರಿ, ಪಾರ್ಚ್‌ಮೆಂಟ್ ಅಂತ ಕಾಫಿ ಬಗೆ ಬೇರೆ ಇದ್ದರೂ ಎಲ್ಲ ಚೀಟಿಗೂ ಒಂದೇ ರೇಟ್! ಮಿರರ್ ಅಂದರೆ ಕಾರ್ಬನ್ ಹಾಳೆ ಇಟ್ಟು ಬರೆದ ಚೀಟಿ, ಮೇಲಿನ ತಪ್ಪು ಕೆಳಗೂ ಬೀಳುತ್ತದೆ. ಸಾದಾ ರೆಪ್ಲಿಕಾ ಕೂಡ ಸೆಕೆಂಡ್ ತಡವಾಗಿ ಅದನ್ನೇ ಮಾಡುತ್ತದೆ. ನಾನು ಹಾಸನದಲ್ಲಿ ಒಂದು ಗಂಟೆಯ ಅಪ್ಲೈ ಡಿಲೇ ಇಟ್ಟಿದ್ದೆ, ಅಂದರೆ ಬಂದ ಬದಲಾವಣೆ ಒಂದು ಗಂಟೆ ಬಿಟ್ಟೇ ಅಲ್ಲಿ ಜಾರಿಯಾಗುತ್ತದೆ. ರಿಪೋರ್ಟ್ ಒಂದು ಗಂಟೆ ಹಳತಾದರೆ ಯಾರಿಗೂ ನಷ್ಟವಿಲ್ಲ. ತಪ್ಪು ಗೊತ್ತಾದ ತಕ್ಷಣ ಅಲ್ಲಿ ಆ ಜಾರಿಯನ್ನು (ರಿಪ್ಲೇ) ನಿಲ್ಲಿಸಿದೆ. ಆಮೇಲೆ ಡಿಲೇ ತೆಗೆದು, ತಪ್ಪಿಗೆ ಒಂದು ನಿಮಿಷ ಮುಂಚಿನ ಸಮಯವನ್ನು ರಿಕವರಿ ಟಾರ್ಗೆಟ್ ಕೊಟ್ಟು ಅಲ್ಲಿವರೆಗೆ ಓಡಿಸಿ, ರೇಟ್ ಕಾಲಮ್ ಮಾತ್ರ ವಾಪಸ್ ತಂದೆ. ಅರ್ಧ ಗಂಟೆ ಹಿಡಿದಿರಬಹುದು. ಒಂದು ಚೀಟಿಯೂ ಹೋಗಲಿಲ್ಲ.

ರಾತ್ರಿಯ ಡಂಪ್, ಅಂದರೆ ಇಡೀ ಲೆಕ್ಕದ ಬೇರೆ ಪ್ರತಿ ತೆಗೆಯುವುದನ್ನು, ನಿಲ್ಲಿಸಿಲ್ಲ. ತಪ್ಪು ಒಂದು ಗಂಟೆ ಬಿಟ್ಟು ಗೊತ್ತಾದರೆ ಹಾಸನದಲ್ಲೂ ಅದೇ ತಪ್ಪು ರೇಟ್ ಕೂತಿರುತ್ತದೆ.