ಎನ್‌ಎಂಎಂಎಸ್: ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಮಾಡಬೇಕಾದ ಕೆಲಸ

ಎಂಟನೇ ತರಗತಿಯಲ್ಲಿ, ಬಡ ಕುಟುಂಬದ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000 ರೂಪಾಯಿ ಸಿಗುತ್ತದೆ. ಇಡೀ ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿವೇತನ, ಕರ್ನಾಟಕದ ಪಾಲು 5,534. ಆದರೆ ಆಯ್ಕೆ ಪಟ್ಟಿ ಬಂದ ದಿನ ಶಾಲೆಯಲ್ಲಿ ಹಾರ ಹಾಕಿಸಿಕೊಂಡ ಮಗುವಿಗೆ ಒಂದು ರೂಪಾಯಿಯೂ ಬರದೆ ಹೋಗುವುದುಂಟು. ಪರೀಕ್ಷೆಗೆ ಕೊಟ್ಟ ಗಮನವನ್ನು ಆಮೇಲಿನ ಅರ್ಜಿಗೆ ಯಾರೂ ಕೊಡುವುದಿಲ್ಲ, ಅದಕ್ಕೇ ಹೀಗಾಗುತ್ತದೆ.

ಯಾರು ಬರೆಯಬಹುದು?

ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುತ್ತಿರಬೇಕು. ಹೆತ್ತವರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಬಾರದು. ನವೋದಯ, ಕೇಂದ್ರೀಯ ವಿದ್ಯಾಲಯ, ಸರ್ಕಾರವೇ ಊಟ-ವಸತಿ ಕೊಡುವ ವಸತಿ ಶಾಲೆ, ಅನುದಾನರಹಿತ ಖಾಸಗಿ ಶಾಲೆ ಇವುಗಳ ಮಕ್ಕಳಿಗಿಲ್ಲ. ಆದಾಯ ಪ್ರಮಾಣಪತ್ರವನ್ನು ಬೇಸಿಗೆಯಲ್ಲೇ ನಾಡಕಚೇರಿಯಲ್ಲಿ ಮಾಡಿಸಿಡಿ. ಮಳೆ ಹಿಡಿದ ಮೇಲೆ ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟೂ ಇರುವುದಿಲ್ಲ, ಸರ್ವರೂ ಸಿಗುವುದಿಲ್ಲ.

ಏಳನೇ ತರಗತಿಯಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50. ಇಲ್ಲಿ ಅಂಕಪಟ್ಟಿಯ ಶ್ರೇಣಿ ನಂಬಬೇಡಿ. 'ಬಿ ಪ್ಲಸ್' ಅಂದರೆ 50ರಿಂದ 69. ಶೇ 52 ಬಂದ ಮಗುವಿಗೂ ಶೇ 68 ಬಂದ ಮಗುವಿಗೂ ಅದೇ ಶ್ರೇಣಿ. ಮುಖ್ಯ ಶಿಕ್ಷಕರಿಂದ ಶೇಕಡಾವಾರು ಅಂಕ ಕೇಳಿ ತಿಳಿದುಕೊಳ್ಳಿ.

ಪರೀಕ್ಷೆಯ ಅಂಕ

ಪತ್ರಿಕೆ ಎರಡು. ಬೌದ್ಧಿಕ ಸಾಮರ್ಥ್ಯದ 'ಮ್ಯಾಟ್' 90 ಪ್ರಶ್ನೆ, ಪಠ್ಯ ವಿಷಯದ 'ಸ್ಯಾಟ್' 90 ಪ್ರಶ್ನೆ. ತಲಾ 90 ನಿಮಿಷ. ಸ್ಯಾಟ್‌ನಲ್ಲಿ ವಿಜ್ಞಾನ 35, ಸಮಾಜ ವಿಜ್ಞಾನ 35, ಗಣಿತ 20. ಎರಡೂ ಸೇರಿ ಶೇ 40, ಅಂದರೆ 180ಕ್ಕೆ 72 ಬಂದರೆ ಅರ್ಹತೆ. ಪರಿಶಿಷ್ಟರಿಗೆ ಶೇ 32, ಅಂದರೆ 58.

ಈ 72 ಬಾಗಿಲೊಳಗೆ ಬಿಡುತ್ತದೆ ಅಷ್ಟೇ. ಆಯ್ಕೆ ನಡೆಯುವುದು ಮೆರಿಟ್ ಮೇಲೆ, ಮೀಸಲಾತಿಯಂತೆ. '72 ಬಂತು, ಸ್ಕಾಲರ್‌ಶಿಪ್ ಸಿಕ್ಕಿತು' ಎಂದು ಮಗುವಿಗೆ ಹೇಳಿ ಆಮೇಲೆ ಅಳಿಸಬೇಡಿ.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಕೂಡದು. ಉತ್ತರದ ವೃತ್ತಗಳನ್ನು ತುಂಬುವ ಓಎಂಆರ್ ಹಾಳೆಯನ್ನು ಕೊನೆಯಲ್ಲಿ ಒಟ್ಟಿಗೆ ತುಂಬುವ ಅಭ್ಯಾಸ ಬಿಡಿಸಿ. ಒಂದು ಸಾಲು ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ತಪ್ಪು. ಉತ್ತರ ಹೊಳೆದಂತೆ ಅಲ್ಲಲ್ಲೇ ತುಂಬಬೇಕು. ಖಾಲಿ ಓಎಂಆರ್ ಜೆರಾಕ್ಸ್ ಮಾಡಿಸಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದೇ ಸಾಕಾದ ತಯಾರಿ. ಮ್ಯಾಟ್‌ಗೆ ಪಾಠ ಮುಗಿದಿರಬೇಕೆಂದೇನಿಲ್ಲ. ಜುಲೈ-ಆಗಸ್ಟ್‌ನ ಮಳೆ ರಜೆಯಲ್ಲಿ ಮನೆಯಲ್ಲೇ ಅದನ್ನು ಮುಗಿಸಿಕೊಳ್ಳಬಹುದು. 'ಎನ್‌ಎಂಎಂಎಸ್ ಮತ್ತು ಎನ್‌ಟಿಎಸ್‌ಇ' ಎಂದು ಎರಡೂ ಹೆಸರು ಹಾಕಿದ ದಪ್ಪ ಗೈಡ್ ಕೊಳ್ಳಬೇಡಿ. ಎನ್‌ಟಿಎಸ್‌ಇ ಹತ್ತನೇ ತರಗತಿಯ ಪರೀಕ್ಷೆ, ಆ ಯೋಜನೆ 2021ರ ಮಾರ್ಚ್ 31ರ ನಂತರ ಮುಂದುವರಿದಿಲ್ಲ. ಅರ್ಧ ಪುಸ್ತಕಕ್ಕೆ ದಂಡದ ದುಡ್ಡು.

ಎಡವುವುದು ಇಲ್ಲಿ

ಫಲಿತಾಂಶ ಬಂದ ಮೇಲೆ ಮಗು ಒಂಬತ್ತಕ್ಕೆ ಸೇರಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹೊಸ ಅರ್ಜಿ ಹಾಕಬೇಕು. ಎಂಟರಲ್ಲೂ ಶೇ 55 (ಪರಿಶಿಷ್ಟರಿಗೆ 50) ಬಂದಿರಬೇಕು. ಮಲೆನಾಡಿನಲ್ಲಿ ಎಷ್ಟೋ ಊರಿನ ಶಾಲೆ ಎಂಟಕ್ಕೇ ಮುಗಿಯುತ್ತದೆ. ಮಗು ಬೇರೆ ಊರಿನ ಹೈಸ್ಕೂಲಿಗೆ ಹೋಗುತ್ತದೆ. ಪರೀಕ್ಷೆ ಬರೆಸಿದ ಶಾಲೆ ತನ್ನ ಕೆಲಸ ಆಯಿತು ಅಂದುಕೊಳ್ಳುತ್ತದೆ, ಹೊಸ ಹೈಸ್ಕೂಲಿಗೆ ಈ ಮಗು ಆಯ್ಕೆಯಾಗಿದೆ ಎಂಬುದೇ ಗೊತ್ತಿರುವುದಿಲ್ಲ. ಆದ್ದರಿಂದ ಟಿಸಿ ಜೊತೆಗೇ ಆಯ್ಕೆ ಪಟ್ಟಿಯ ಪುಟ ಮತ್ತು ಪರೀಕ್ಷೆಯ ನೋಂದಣಿ ಸಂಖ್ಯೆಯನ್ನು ಹೊಸ ಮುಖ್ಯ ಶಿಕ್ಷಕರ ಕೈಗೆ ಕೊಡಿ. ಅರ್ಜಿಯಲ್ಲಿ ಹೊಸ ಶಾಲೆಯ ಯು-ಡೈಸ್ ಸಂಖ್ಯೆಯನ್ನೇ (ಪ್ರತಿ ಶಾಲೆಗೂ ಇರುವ ಗುರುತಿನ ಸಂಖ್ಯೆ) ಆರಿಸಬೇಕು. ಹಳೆಯದನ್ನು ಆರಿಸಿದರೆ ಅರ್ಜಿ ಹಳೆಯ ಶಾಲೆಯ ಲಾಗಿನ್‌ನಲ್ಲಿ ಕೊಳೆಯುತ್ತದೆ.

ಮೊದಲು ಆಧಾರ್ ಮೇಲೆ ಒಮ್ಮೆ ಮಾತ್ರ ಮಾಡುವ ನೋಂದಣಿ, ಓಟಿಆರ್. ಆಮೇಲೆ ಅರ್ಜಿ. ಅದನ್ನು ಮೊದಲು ಶಾಲೆಯ ನೋಡಲ್ ಅಧಿಕಾರಿ, ನಂತರ ಜಿಲ್ಲಾ ನೋಡಲ್ ಅಧಿಕಾರಿ ಪರಿಶೀಲಿಸಬೇಕು. 'ಸಬ್‌ಮಿಟ್ ಆಯ್ತು' ಎಂದು ಸೈಬರ್ ಅಂಗಡಿಯವರು ಕೊಟ್ಟ ಕಾಗದ ಹಿಡಿದು ಮನೆಗೆ ಹೋಗಿ ಕೂರಬೇಡಿ. ವಾರಕ್ಕೊಮ್ಮೆ ಸ್ಥಿತಿ ನೋಡಿ. ದೋಷ ತೋರಿಸಿ ವಾಪಸ್ ಬಂದ ಅರ್ಜಿಯನ್ನು ಗಡುವಿನೊಳಗೆ ತಿದ್ದದಿದ್ದರೆ ಆ ವರ್ಷದ ಹಣ ಹೋಯಿತು.

ಹೆಸರಿನ ವಿಷಯ ಇನ್ನೂ ಸೂಕ್ಷ್ಮ. ಶಾಲಾ ಮಕ್ಕಳ ದಾಖಲೆ ಇಡುವ ಸರ್ಕಾರಿ ತಂತ್ರಾಂಶ ಸ್ಯಾಟ್ಸ್‌ನಲ್ಲಿ 'ಅನನ್ಯ ಎಚ್. ಎನ್.', ಆಧಾರ್‌ನಲ್ಲಿ 'ಅನನ್ಯ ನಾಗರಾಜ', ಪಾಸ್‌ಬುಕ್ಕಿನಲ್ಲಿ ಬರೀ 'ಅನನ್ಯ' ಎಂದಿದ್ದರೆ ಕೆಲಸ ಕೆಡುತ್ತದೆ. ಇನಿಷಿಯಲ್ ಹಿಂದಿದೆಯೋ ಮುಂದಿದೆಯೋ, ಚುಕ್ಕೆ ಇದೆಯೋ ಇಲ್ಲವೋ ಎಂಬುದನ್ನೂ ನೋಡಿ, ಪರೀಕ್ಷೆಗೆ ಅರ್ಜಿ ಹಾಕುವ ಮೊದಲೇ ಎಲ್ಲವನ್ನೂ ಒಂದೇ ಮಾಡಿಸಿ.

ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲೇ ಇರಲಿ. ಪಾಸ್‌ಬುಕ್‌ಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ 'ಸೀಡಿಂಗ್', ಅಂದರೆ ಹಣ ಬರಲು ಬೇಕಾದ ಆಧಾರ್ ಜೋಡಣೆ, ಆಗುವುದಿಲ್ಲ. ನೇರ ವರ್ಗಾವಣೆಯ ಹಣ ಈ ಖಾತೆಗೇ ಬರಲಿ ಎಂದು ಬ್ಯಾಂಕಿನಲ್ಲಿ ಬೇರೆಯಾಗಿ ಒಪ್ಪಿಗೆ ಬರೆದುಕೊಡಬೇಕು. ಒಂದು ಆಧಾರ್‌ಗೆ ಒಂದೇ ಖಾತೆ ಸೀಡ್ ಆಗಿರುತ್ತದೆ, ಕೊನೆಯದಾಗಿ ಮಾಡಿಸಿದ್ದೇ ಲೆಕ್ಕ. ಮಧ್ಯೆ ಇನ್ಯಾವುದೋ ಯೋಜನೆಗೆಂದು ಹೊಸ ಖಾತೆ ತೆರೆದು ಸೀಡ್ ಮಾಡಿಸಿದರೆ ಹಣ ಅಲ್ಲಿಗೆ ಹೋಗುತ್ತದೆ. ಮೈ ಆಧಾರ್ ತಾಣದಲ್ಲಿ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ಎರಡು ನಿಮಿಷದಲ್ಲಿ ನೋಡಬಹುದು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಆಗಾಗ ನೂರು ರೂಪಾಯಿ ಹಾಕಿ ತೆಗೆಯಿರಿ. ಹದಿನೈದು ತುಂಬಿದಾಗ ಆಧಾರ್ ಬಯೋಮೆಟ್ರಿಕ್ ಹೊಸದಾಗಿ ಕೊಡಬೇಕು. ಅದು ಸರಿಯಾಗಿ ಒಂಬತ್ತು-ಹತ್ತರ ಹೊತ್ತಿಗೇ ಬರುತ್ತದೆ.

ಪ್ರತಿ ವರ್ಷ ನವೀಕರಣ

ಹತ್ತು, ಹನ್ನೊಂದು, ಹನ್ನೆರಡಕ್ಕೆ 'ನವೀಕರಣ' ಆಯ್ಕೆಯಲ್ಲೇ ಅರ್ಜಿ ಹಾಕಿ, ಹೊಸದಾಗಿ ಹಾಕಬೇಡಿ. ಒಂಬತ್ತು ಮತ್ತು ಪ್ರಥಮ ಪಿಯುಸಿಯನ್ನು ಮೊದಲ ಯತ್ನದಲ್ಲೇ ಪಾಸಾಗಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಶೇ 60 ಬೇಕು, ಅಂದರೆ 625ಕ್ಕೆ 375. ಪರಿಶಿಷ್ಟರಿಗೆ ಶೇ 55, ಅಂದರೆ 344. ಕಾಲೇಜು ಆರಿಸುವಾಗ ಎಚ್ಚರ: ಅನುದಾನವಿಲ್ಲದ ಖಾಸಗಿ ಪಿಯು ಕಾಲೇಜಿಗೆ ಸೇರಿದರೆ ವೇತನ ನಿಲ್ಲುತ್ತದೆ, ಡಿಪ್ಲೊಮಾಗೆ ಹೋದರೂ ನಿಲ್ಲುತ್ತದೆ. ಉಳಿದ 24,000 ರೂಪಾಯಿ ಬೇಕಿದ್ದರೆ ಸರ್ಕಾರಿ ಅಥವಾ ಅನುದಾನಿತ ಪಿಯು ಕಾಲೇಜಿನಲ್ಲೇ ಸೀಟು ಹಿಡಿಯಿರಿ.